ಇವರ ರಕ್ತದಲ್ಲಿ ನಾದಿನಿ

ನನ್ನ ಗಂಡ ಹನ್ನೆರಡು ವರ್ಷ ಸಕ್ಕರೆ ಇಲ್ಲದ ಚಹಾ ಕುಡಿದವರು. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ವಾರ ಲೋಟವನ್ನು ಬಾಯಿಗಿಟ್ಟವರೇ ಮುಖ ಸಿಂಡರಿಸಿ, "ಇದಕ್ಕೆ ಎರಡು ಚಮಚ ಸಕ್ಕರೆ ಹಾಕು" ಅಂದರು. ಎದುರಿಗೆ ಕೂತಿದ್ದ ನನ್ನ ನಾದಿನಿ ಚಪ್ಪಾಳೆ ತಟ್ಟಿ ನಕ್ಕಳು. ಅವಳು ಚಹಾಕ್ಕೆ ಹಾಕಿಕೊಳ್ಳುವುದು ಸರಿಯಾಗಿ ಎರಡು ಚಮಚ.

"ನೋಡಿದ್ರಾ ಅತ್ತಿಗೆ? ನನ್ನ ರಕ್ತ ಮಾತಾಡ್ತಾ ಇದೆ."

ನಾನೂ ನಕ್ಕೆ. ನಗಲೇಬೇಕಿತ್ತು. ಅಣ್ಣನಿಗೆ ಅಸ್ಥಿಮಜ್ಜೆ ಕೊಟ್ಟು ಬದುಕಿಸಿದವಳ ಮುಂದೆ ಮುಖ ಗಂಟು ಹಾಕಿಕೊಂಡರೆ ಯಾರು ಮೆಚ್ಚುತ್ತಾರೆ? ಔಷಧಿಗಳಿಂದ ನಾಲಿಗೆಯ ರುಚಿ ಬದಲಾಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದನ್ನು ನೆನಪಿಸಿದರೆ ನಮ್ಮ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಒಳಗೆ ನನ್ನ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಮರ್ಯಾದಸ್ಥ ಹೆಸರು ಹುಡುಕುವ ಹೆಂಗಸು ನಾನಲ್ಲ.

ಇವರು ಲಿಫ್ಟ್ ಮೆಕ್ಯಾನಿಕ್. ಹೋದ ವರ್ಷ ಒಂದು ದಿನ ಲಿಫ್ಟಿನ ಮೇಲೆ ನಿಂತು ಕೆಲಸ ಮಾಡುತ್ತಿದ್ದವರು ಸುಸ್ತಾಗಿ ಅಲ್ಲೇ ಕುಸಿದು ಕೂತರು. ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಲು ಒಂದು ವಾರವೂ ಹಿಡಿಯಲಿಲ್ಲ. ಆಮೇಲೆ ಕೀಮೋ, ಮತ್ತೆ ಕೀಮೋ, ಕೊನೆಗೆ ಮಜ್ಜೆ ಬದಲಿಸುವ ಚಿಕಿತ್ಸೆ. ಇವರಿಗೆ ಹೊಂದುವ ಮಜ್ಜೆ ಇದ್ದದ್ದು ತಂಗಿಯ ಮೈಯಲ್ಲಿ ಮಾತ್ರ. ಅವಳು ಸಿಟಿ ಬಸ್ಸಿನ ಕಂಡಕ್ಟರ್. ಡಿಪೋ ಪಕ್ಕದಲ್ಲಿ ಒಂದೇ ಕೋಣೆಯ ಮನೆ, ಮದುವೆ ಬೇಡ ಅಂದವಳು, ಬಾಯಿ ಜೋರು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಸೈಕಲ್ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ ಇವರು, ನಾನು, ನಮ್ಮತ್ತೆ ಮತ್ತು ಹನ್ನೊಂದು ವರ್ಷದ ಮಗಳು ಇರುವುದು.

ಮನೆಗೆ ಬಂದ ಮೇಲಿನ ಕೆಲಸವೆಲ್ಲ ನನ್ನದು. ಕುಡಿಯುವ ನೀರು ಹತ್ತು ನಿಮಿಷ ಕುದಿಯಬೇಕು. ತರಕಾರಿ ಮೂರು ಸಲ ತೊಳೆಯಬೇಕು. ಹಸಿಯದ್ದು ಏನೂ ಕೊಡುವ ಹಾಗಿಲ್ಲ, ಮಾಡಿಟ್ಟದ್ದು ಕೊಡುವ ಹಾಗಿಲ್ಲ. ಬೆಳಿಗ್ಗೆ ಸಂಜೆ ನೆಲ ಒರೆಸಬೇಕು. ಇದರ ಮಧ್ಯೆ ಎಂಟು ಗಂಟೆ ಅಂಗಡಿ. ನಾದಿನಿ ಭಾನುವಾರ ಬರುತ್ತಿದ್ದಳು, ಮಹಾರಾಣಿಯ ಹಾಗೆ ಕೂರುತ್ತಿದ್ದಳು. ನಮ್ಮತ್ತೆ ಬೇಯಿಸಿದ ಮೊಟ್ಟೆಗಳಲ್ಲಿ ದೊಡ್ಡದನ್ನು ಆರಿಸಿ ಅವಳ ತಟ್ಟೆಗೆ ಹಾಕುತ್ತಿದ್ದರು.

"ತಿನ್ನೇ. ನಿನ್ನ ಮೈಯಲ್ಲಿ ಇಬ್ಬರ ರಕ್ತ ತಯಾರಾಗಬೇಕು."

"ಅತ್ತೆ, ಅದು ಈಗ ಇವರ ಮೈಯಲ್ಲೇ ತಯಾರಾಗ್ತಿದೆ" ಅಂದೆ ಒಂದು ಸಲ.

"ಬೀಜ ಅವಳದ್ದಲ್ವೇನೇ?"

ಬೀಜ ಅವಳದ್ದು, ನೀರು ಹೊತ್ತು ಹಾಕುವುದು ಮಾತ್ರ ನಾನು. ಹೇಳಲಿಲ್ಲ, ಪಾತ್ರೆ ತೊಳೆಯಲು ಹೋದೆ.

ನಾಲ್ಕನೇ ತಿಂಗಳ ತಪಾಸಣೆಗೆ ಇವರ ಜೊತೆ ನಾನು ಹೋದೆ. ಡಾಕ್ಟರ್ ಕಾಗದ ನೋಡಿ ಹೇಳಿದರು. "ಮೊದಲು ನಿಮ್ಮ ರಕ್ತದಲ್ಲಿ ನೂರಕ್ಕೆ ನೂರು ತಂಗಿಯ ಕಣಗಳಿದ್ದವು. ಈಗ ತೊಂಬತ್ತಮೂರು. ಉಳಿದ ಏಳು ನಿಮ್ಮವೇ, ಹಳೆಯವು."

"ಹಳೆಯವು ಅಂದ್ರೆ ಕಾಯಿಲೆನಾ?" ಇವರು ಕೇಳಿದರು.

"ಹಾಗಂತ ಈಗಲೇ ಹೇಳೋಕಾಗಲ್ಲ. ಕಾಯಿಲೆ ಎಲ್ಲೂ ಕಾಣಿಸಿಲ್ಲ. ಆದ್ರೆ ನಿಮ್ಮದು ಮರಳಿ ಬರೋ ಜಾತಿ. ಬರೋ ತನಕ ಕಾಯೋದಕ್ಕಿಂತ ಬರದ ಹಾಗೆ ಈಗಲೇ ಏನಾದ್ರೂ ಮಾಡೋದು ಒಳ್ಳೇದು."

ನನ್ನ ತಲೆಗೆ ಬಂದದ್ದು ಏನು ಗೊತ್ತೇ? ಏಳರಷ್ಟಾದರೂ ನನ್ನ ಗಂಡ ಉಳಿದಿದ್ದಾರಲ್ಲ, ಅಂತ. ಆ ಏಳರಲ್ಲೇ ಸಾವು ಅಡಗಿರಬಹುದು ಅಂತ ಡಾಕ್ಟರ್ ಬಿಡಿಸಿ ಹೇಳುತ್ತಿದ್ದರು, ನಾನು ಆ ಏಳನ್ನು ನನ್ನದು ಅಂದುಕೊಂಡು ಕೂತಿದ್ದೆ. ಬುದ್ಧಿ ಕೆಟ್ಟವಳು ಅಂದರೆ ಅನ್ನಿ.

ಡಾಕ್ಟರ್ ಎರಡು ದಾರಿ ಹೇಳಿದರು. ಒಂದು, ಎರಡು ವರ್ಷ ದಿನವೂ ಮಾತ್ರೆ. ಇನ್ನೊಂದು, ತಂಗಿಯ ರಕ್ತದಿಂದ ಕಾಯಿಲೆಯ ಮೇಲೆ ಹೋರಾಡುವ ಬಿಳಿ ಕಣಗಳನ್ನು ಯಂತ್ರದಲ್ಲಿ ಬೇರೆ ಮಾಡಿ ಇವರಿಗೆ ಸ್ವಲ್ಪ ಸ್ವಲ್ಪ ಕೊಡುವುದು. ಮೊದಲ ಸಲ ತೆಗೆದದ್ದೆಲ್ಲ ಆಗಲೇ ಮುಗಿದಿತ್ತು, ಮತ್ತೆ ತೆಗೆಯಬೇಕು. ಅದರಲ್ಲೊಂದು ಅಪಾಯವಿತ್ತು. ಆ ಕಣಗಳು ಇವರ ಮೈಯನ್ನೇ ಪರರದ್ದು ಅಂದುಕೊಂಡು ಚರ್ಮ, ಕರುಳು, ಲಿವರ್ ಮೇಲೆ ಬೀಳಬಹುದು.

"ಎರಡೂ ಸರಿಯಾದ ದಾರಿಯೇ" ಅಂದರು ಡಾಕ್ಟರ್. "ನನ್ನನ್ನ ಕೇಳಿದ್ರೆ ಕಣಗಳ ಕಡೆಗೆ ಸ್ವಲ್ಪ ಹೆಚ್ಚು ವಾಲ್ತೀನಿ. ನೀವು ಒಪ್ಪಿದ್ರೆ ದಾನಿಗಳ ವಿಭಾಗದವರು ನಿಮ್ಮ ತಂಗಿಗೆ ಫೋನ್ ಮಾಡ್ತಾರೆ. ಅವರ ಒಪ್ಪಿಗೆ ಅವರ ಬಾಯಿಂದಲೇ ಬರಬೇಕು. ಮನೇಲಿ ಮಾತಾಡಿ."

ಭಾನುವಾರ ಊಟಕ್ಕೆ ಕೂತಾಗ ಮಾತಾಡಿದೆವು. ನಾದಿನಿ ಆಗಲೇ ತೋಳು ಮಡಚಿದ್ದಳು. "ಯಾವ ಕೈ ಬೇಕಂತೆ? ಎರಡೂ ಇದೆ."

"ಮಾತ್ರೆ ಇದೆಯಲ್ಲ" ಅಂದೆ ನಾನು. "ಮನೇಲೇ ನುಂಗಬಹುದು. ಯಾರಿಗೂ ತೊಂದರೆ ಇಲ್ಲ."

"ನನಗೇನು ತೊಂದರೆ ಅತ್ತಿಗೆ? ಒಂದು ದಿನ ರಜೆ ಹಾಕಿದ್ರಾಯ್ತು."

"ನಿನ್ನ ಕಣ ಇವರ ಮೇಲೇ ಬಿದ್ರೆ?"

"ನನ್ನ ಕಣ ಅಣ್ಣನ ಮೇಲೆ ಬೀಳುತ್ತಾ?"

"ಚಿಕ್ಕವಳಿದ್ದಾಗ ಸ್ಲೇಟಿನಲ್ಲಿ ಇವರ ಹಣೆ ಒಡೆದಿದ್ದು ಯಾರು? ಗುರುತು ಇನ್ನೂ ಇದೆ."

ಮಗಳು ಕಿಸಕ್ಕನೆ ನಕ್ಕಳು. ನಮ್ಮತ್ತೆ ನಗಲಿಲ್ಲ. "ಕೊಡೋಳು ಕೊಡ್ತೀನಿ ಅಂತಾಳೆ. ನಿನ್ನ ಗಂಟೇನು ಹೋಗುತ್ತೆ?"

"ಅಪ್ಪನ ರಕ್ತದಲ್ಲಿ ಬಸ್ಸತ್ತೆ ತೊಂಬತ್ತಮೂರು" ಅಂದಳು ಮಗಳು. ಕಂಡಕ್ಟರ್ ಅತ್ತೆಯನ್ನು ಅವಳು ಕರೆಯುವುದೇ ಬಸ್ಸತ್ತೆ ಅಂತ. "ಅಮ್ಮ ಎಷ್ಟು?"

"ಸೊನ್ನೆ" ಅಂದೆ. "ಊಟ ಮಾಡು."

"ನನ್ನನ್ನೂ ಒಂದು ಮಾತು ಕೇಳ್ತೀರಾ?" ಇವರು ಲೋಟ ಕೆಳಗಿಟ್ಟರು. "ಮಾತ್ರೆ ಸಾಕಾಗದೆ ಅದು ಮತ್ತೆ ಬಂದ್ರೆ ಇನ್ನೊಂದು ಸಲ ಆಸ್ಪತ್ರೆಯ ಆ ಒಂಟಿ ಕೋಣೇಲಿ ಮಲಗೋ ಶಕ್ತಿ ನನಗಿಲ್ಲ. ಚರ್ಮಕ್ಕೆ ಏನಾದ್ರೂ ಆಗಲಿ. ತಂಗಿ ಒಪ್ಪಿದ್ರೆ ಕಣಗಳೇ ಇರಲಿ."

"ಒಪ್ಪಿದೆ" ಅಂದಳು ನಾದಿನಿ, ಬಸ್ಸಿನಲ್ಲಿ ಟಿಕೆಟ್ ಹರಿದು ಕೊಟ್ಟಷ್ಟು ಸಲೀಸಾಗಿ.

ತೀರ್ಮಾನ ಆಯಿತು. ನಾನು ಮರುದಿನ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದ್ದೂ ಆಯಿತು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ಮಂಗಳವಾರ ನಾನು ಅಂಗಡಿಯಿಂದ ಬಂದಾಗ ಅಡುಗೆಮನೆ ನನ್ನದಾಗಿರಲಿಲ್ಲ. ಕುದಿಸಿದ ನೀರಿನ ಪಾತ್ರೆ ಕಿಟಕಿಯ ಹತ್ತಿರ, ಡಬ್ಬಿಗಳು ಮೇಲಿನದು ಕೆಳಗೆ. ನಾದಿನಿಗೆ ಮಧ್ಯಾಹ್ನ ಡ್ಯೂಟಿ ಇರಲಿಲ್ಲವಂತೆ, ಬಂದು ಅಡುಗೆ ಮಾಡಿ ಬಡಿಸಿ ಹೋಗಿದ್ದಳು. ಇವರ ತಟ್ಟೆ ಖಾಲಿಯಾಗಿತ್ತು. ನಾಲ್ಕು ತಿಂಗಳಿಂದ ನಾನು ಅಳೆದು, ತೊಳೆದು, ಬೇಯಿಸಿ ಬಡಿಸಿದ್ದರಲ್ಲಿ ಅರ್ಧ ಬಿಟ್ಟೇಳುತ್ತಿದ್ದ ಮನುಷ್ಯ.

"ಏನು ಮಾಡಿದ್ಲು?"

"ಅದೇ ಆಲೂಗಡ್ಡೆ, ಅದೇ ಅನ್ನ. ಈರುಳ್ಳಿ ಚೆನ್ನಾಗಿ ಹುರಿದು ಮೆಣಸು ಹಾಕಿದ್ಲು. ಇವತ್ತು ಊಟ ರುಚಿ ಇತ್ತು."

"ಇವತ್ತು" ಅಂದೆ ನಾನು.

"ಅಯ್ಯೋ, ಹಾಗಲ್ಲ ಕಣೇ."

"ಹಾಗೇ."

ಆ ಡಬ್ಬಿಗಳನ್ನೆಲ್ಲ ಮತ್ತೆ ಅವುಗಳ ಜಾಗಕ್ಕೆ ಇಟ್ಟೆ. ಜೋರಾಗಿಯೇ ಇಟ್ಟೆ. ನಮ್ಮತ್ತೆ ಒಳಗಿನಿಂದ, "ಡಬ್ಬಿ ಏನು ಮಾಡಿತ್ತು ಪಾಪ?" ಅಂದರು.

ಬುಧವಾರ ಅಂಗಡಿಯಲ್ಲಿ ಒಂದು ಗಾಜನ್ನು ಅಂಚು ಉಜ್ಜುವ ತಿರುಗುಕಲ್ಲಿಗೆ ಹಿಡಿದಿದ್ದೆ. ಫೋನ್ ಬಂತು. ದಾನಿಗಳ ವಿಭಾಗದ ನರ್ಸ್, ನಾದಿನಿಯನ್ನು ಕೇಳಿದರು. ಅವಳ ಫೋನ್ ಡ್ಯೂಟಿಯ ಹೊತ್ತು ಡಿಪೋದ ಲಾಕರಿನಲ್ಲಿ ಇರುತ್ತದೆ ಅಂತ ಮೊದಲ ಸಲವೇ ಫಾರಂನಲ್ಲಿ ರೋಗಿಯ ನಂಬರ್, ದಾನಿಯ ನಂಬರ್ ಎರಡಕ್ಕೂ ನನ್ನ ನಂಬರನ್ನೇ ಬರೆದಿದ್ದೆ. ಆಗ ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು.

"ಅವಳು ಡ್ಯೂಟಿಯಲ್ಲಿದ್ದಾಳೆ. ನಾನು ಅವಳ ಅತ್ತಿಗೆ."

"ಶುಕ್ರವಾರದೊಳಗೆ ರಕ್ತಪರೀಕ್ಷೆಗೆ ಬರಬೇಕಿತ್ತು. ಅವರಿಗೆ ಇಷ್ಟ ಇದೆ ತಾನೆ? ಯಾರ ಒತ್ತಾಯನೂ ಇರಬಾರದು, ಅದಕ್ಕೇ ಕೇಳ್ತಿದ್ದೀನಿ."

ಗಾಜು ಇನ್ನೂ ನನ್ನ ಕೈಯಲ್ಲೇ ಇತ್ತು. "ನಿಜ ಹೇಳಬೇಕಂದ್ರೆ ಅವಳಿಗೆ ಇಷ್ಟ ಇಲ್ಲ. ಅಣ್ಣನ ಮುಂದೆ ಹೇಳೋಕೆ ಸಂಕೋಚ. ನೀವು ಫೋನ್ ಮಾಡಿದ್ರೆ ಇನ್ನೂ ಕಷ್ಟ ಆಗುತ್ತೆ ಅವಳಿಗೆ."

"ಹಾಗಾದ್ರೆ ಬೇಡ. ಪಾಪ, ಎಷ್ಟೋ ಜನಕ್ಕೆ ಹಾಗಾಗುತ್ತೆ. ನಾನು ಬರ್ಕೋತೀನಿ" ಅಂದರು ನರ್ಸ್. ಅಷ್ಟೇ. ಒಂದು ನಿಮಿಷದ ಮಾತು. ಗಾಜಿನ ಅಂಚು ಹಾಳಾಗಿತ್ತು, ಬೇರೆಯದು ತೆಗೆದುಕೊಂಡೆ.

ಮುಂದಿನ ವಾರ ಡಾಕ್ಟರ್ ನನ್ನ ಮುಂದೆಯೇ ಇವರಿಗೆ ಹೇಳಿದರು. "ದಾನಿಗೆ ಇಷ್ಟ ಇಲ್ಲ ಅಂತ ಬರೆದಿದ್ದಾರೆ. ಅದು ಅವರ ಹಕ್ಕು, ನಾವು ಕೇಳೋ ಹಾಗಿಲ್ಲ. ಮಾತ್ರೆ ಶುರು ಮಾಡೋಣ."

ಇವರು ಎದ್ದು ಬಂದರು. ಹೊರಗೆ ಬೆಂಚಿನ ಮೇಲೆ ಕೂತು ಮಾಸ್ಕ್ ಸರಿಮಾಡಿಕೊಂಡರು. "ಹೆದರಿರಬೇಕು ಅವಳು" ಅಂದರು. "ಬಾಯಿ ಜೋರು ಅಷ್ಟೇ. ಎಲ್ಲರ ಮುಂದೆ ಇಲ್ಲ ಅನ್ನೋಕಾಗದೆ ಹೂಂ ಅಂದಿದ್ದಾಳೆ. ನೀನು ಅವಳನ್ನ ಏನೂ ಕೇಳಬೇಡ. ಅಮ್ಮನಿಗೂ ಹೇಳಬೇಡ."

"ಇಲ್ಲ" ಅಂದೆ. ಆ ಹೊತ್ತಿನಲ್ಲಿ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಭಾನುವಾರ ನಾದಿನಿ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಯಾಕೆ ಯಾರೂ ಕರೀಲಿಲ್ಲ? ರಜೆ ಬರೆದಿಟ್ಟುಕೊಂಡು ಕಾಯ್ತಿದ್ದೀನಿ."

"ಡಾಕ್ಟರು ಮಾತ್ರೆನೇ ಸಾಕು ಅಂದ್ರು" ಅಂದರು ಇವರು. "ನೀನು ಮಾಡಿದ್ದು ಸಾಕಮ್ಮ. ಇನ್ನು ನಿನಗೆ ತೊಂದರೆ ಬೇಡ."

ಅಷ್ಟು ಮೆತ್ತಗೆ, ಅಷ್ಟು ಮರ್ಯಾದೆಯಿಂದ ಇವರು ತಂಗಿಯ ಜೊತೆ ಯಾವತ್ತೂ ಮಾತಾಡಿದವರಲ್ಲ. ಅವಳು ಅಣ್ಣನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇದು ಡಾಕ್ಟರ ಮಾತಾ, ಅತ್ತಿಗೆ ಮಾತಾ?"

"ಅವಳನ್ನ ಯಾಕೆ ಎಳೀತೀಯ?" ಅಂದರು ಇವರು.

ಊಟ ಮಾಡದೆ ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ.

ನಾನು ಗೆದ್ದಿದ್ದೆ. ಗೆದ್ದು ಏನು ಸಿಕ್ಕಿತು ಅಂತ ಹೇಳುತ್ತೇನೆ ಕೇಳಿ. ಇವರು ಬೆಳಿಗ್ಗೆ ಎದ್ದು ಮಾತ್ರೆ ನುಂಗಿ ಬೀದಿ ಕಡೆಯ ಕಿಟಕಿಯಲ್ಲಿ ಕೂರುತ್ತಿದ್ದರು. ಅಲ್ಲಿಂದ ಮುಖ್ಯರಸ್ತೆಯ ಒಂದು ತುಂಡು ಕಾಣುತ್ತದೆ. ತಂಗಿಯ ಬಸ್ಸು ಅಲ್ಲಿ ಹಾದುಹೋಗುತ್ತದೆ.

"ಮೂರನೇ ಟ್ರಿಪ್ಪು" ಅನ್ನುತ್ತಿದ್ದರು. "ಇವತ್ತು ಹತ್ತು ನಿಮಿಷ ಲೇಟು."

ಅವಳು ಮನೆಗೆ ಬರುತ್ತಿದ್ದಾಗ ವಾರಕ್ಕೆ ಒಂದು ದಿನ ಅವಳ ಮಾತಿತ್ತು. ಈಗ ದಿನಕ್ಕೆ ಎಂಟು ಟ್ರಿಪ್ಪು. ನಮ್ಮತ್ತೆಯ ಬಾಯಿ ಬೇರೆ. ಮೊಟ್ಟೆ ಬೇಯಿಸಿದರೆ, "ಯಾರಿಗೆ ಇಷ್ಟೊಂದು?" ಅನ್ನುವುದು. ಬೇಯಿಸದಿದ್ದರೆ, "ಮಗಳು ಬರದ ಮನೆಯಲ್ಲಿ ಮೊಟ್ಟೆ ಯಾಕೆ, ಅಲ್ವಾ?" ಅನ್ನುವುದು. ಒಂದು ದಿನ ಮಗಳು ಹೋಂವರ್ಕ್ ಮಾಡುತ್ತಾ, "ಬಸ್ಸತ್ತೆ ಜೊತೆ ನೀನು ಜಗಳ ಮಾಡಿದ್ಯಾ?" ಅಂತ ಕೇಳಿದಳು.

"ನಾನ್ಯಾಕೆ ಮಾಡ್ಲಿ?"

"ನೀನೇ ಮಾಡೋದು ಯಾವಾಗ್ಲೂ."

ಐದನೇ ವಾರ ಮತ್ತೆ ರಕ್ತಪರೀಕ್ಷೆ ಆಯಿತು. ಎಂಬತ್ತಾರು. ಡಾಕ್ಟರ್ ಈ ಸಲ ಪೆನ್ನು ಕೆಳಗಿಟ್ಟು ಮಾತಾಡಿದರು. "ಇಳೀತಾ ಇದೆ. ಮಾತ್ರೆ ಒಂದೇ ಸಾಲದು ಅನ್ನಿಸ್ತಿದೆ. ಕಾಯಿಲೆ ಇನ್ನೂ ಕಂಡಿಲ್ಲ, ಅಷ್ಟು ಹೊತ್ತು ನಮಗಿದೆ. ನಿಮ್ಮ ತಂಗಿ ಮನಸ್ಸು ಬದಲಾಯಿಸಿದ್ರೆ ಇದೇ ಸಮಯ."

"ಅವಳನ್ನ ಕೇಳಬೇಡಿ" ಅಂದರು ಇವರು. "ಒಂದ್ಸಲ ಕೊಟ್ಟಿದ್ದಾಳೆ. ಇನ್ನೊಂದ್ಸಲ ಅವಳ ಮುಂದೆ ಕೈ ಚಾಚಲ್ಲ."

ಎಂಬತ್ತಾರು ಅಂದರೆ ನೂರಕ್ಕೆ ಹದಿನಾಲ್ಕು ನನ್ನ ಹಳೆಯ ಗಂಡ. ಆ ಲೆಕ್ಕ ಈ ಸಲ ನನಗೆ ಬೇಕಿರಲಿಲ್ಲ. ದಾರಿಯುದ್ದಕ್ಕೂ ಇವರ ಕೈ ಹಿಡಿದುಕೊಂಡು ಬಂದೆ.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ತಲೆನೋವು ಅಂತ ಹೇಳಿ ರಸ್ತೆಗೆ ಬಂದು ಅವಳ ಬಸ್ಸಿಗೆ ಕಾದೆ. ಹತ್ತಿದೆ. ನನ್ನನ್ನು ನೋಡಿದರೂ ನೋಡದವಳ ಹಾಗೆ ಬಂದು ನಿಂತಳು.

"ಎಲ್ಲಿಗೆ?"

"ಕೊನೇ ಸ್ಟಾಪು."

ಟಿಕೆಟ್ ಕೊಟ್ಟು ಚಿಲ್ಲರೆ ಕೊಟ್ಟಳು. ನಾನು ಅವಳ ತೋಳು ಹಿಡಿದೆ. "ಆಸ್ಪತ್ರೆಯವರು ನಿನ್ನನ್ನ ಕರೆದಿದ್ರು."

"ಯಾವಾಗ?"

"ಆರು ವಾರ ಆಯ್ತು. ನನ್ನ ಫೋನಿಗೆ."

ಹಿಂದಿನಿಂದ ಯಾರೋ ಟಿಕೆಟ್ ಕೇಳಿದರು. ಅವಳು ಹೋದಳು. "ಒಳಗೆ ಹೋಗಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ಏನು ಪೂಜೆನಾ?" ಅಂತ ಕೂಗಿದಳು. ಇಬ್ಬರು ಮುದುಕರನ್ನು ಕೂರಿಸಿದಳು. ಎರಡು ಸ್ಟಾಪ್ ಆದ ಮೇಲೆ ನನ್ನ ಸೀಟಿನ ಹತ್ತಿರ ಬಂದಳು.

"ಏನಂದ್ರಿ ಅವರಿಗೆ?"

"ನಿನಗೆ ಇಷ್ಟ ಇಲ್ಲ ಅಂದೆ."

ಅವಳು ಸೀಟಿ ಊದಿದಳು. ಬಸ್ಸು ಹೊರಟಿತು. ಮುಂದಿನ ನಾಲ್ಕು ಸ್ಟಾಪು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬ ಹುಡುಗಿಗೆ ಎರಡು ಸಲ ಚಿಲ್ಲರೆ ಕೊಟ್ಟಳು, ಆ ಹುಡುಗಿಯೇ ವಾಪಸ್ ಕೊಟ್ಟಳು.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಡ್ರೈವರ್ ಚಹಾ ಕುಡಿಯಲು ಹೋದ. ಅವಳು ನನ್ನ ಮುಂದಿನ ಸೀಟಿನಲ್ಲಿ ಬೆನ್ನು ಮಾಡಿ ಕೂತಳು.

"ಅಣ್ಣನಿಗೆ ಗೊತ್ತಾ?"

"ನೀನೇ ಬೇಡ ಅಂದೆ ಅಂತ ನಂಬಿದ್ದಾರೆ."

"ಆರು ವಾರದಿಂದ?"

"ಹೂಂ."

ಅವಳು ಯೂನಿಫಾರ್ಮಿನ ತೋಳಿನಲ್ಲಿ ಮುಖ ಒರೆಸಿಕೊಂಡಳು. ಕಂಡಕ್ಟರ್ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಜ್ಜೆ ತೆಗೆದ ದಿನವೂ ಅವಳು ನರ್ಸುಗಳಿಗೆ ಜೋಕು ಹೇಳುತ್ತಿದ್ದಳು.

"ಬೈಯೇ ನನ್ನ" ಅಂದೆ.

"ಬೈದ್ರೆ ನಿಮಗೆ ಸಮಾಧಾನ ಆಗುತ್ತೆ. ಬೈಯಲ್ಲ." ಟಿಕೆಟ್ ಚೀಲ ಮುಚ್ಚಿ, "ಈಗ ಎಷ್ಟಿದೆ?" ಅಂದಳು.

"ಎಂಬತ್ತಾರು."

"ನಾಳೆನೇ ಹೋಗೋಣ. ಅಣ್ಣನಿಗೆ ನಾನು ಹೇಳ್ತೀನಿ. ಹೆದರಿಕೊಂಡಿದ್ದೆ, ಬೇಡ ಅಂದಿದ್ದೆ, ಈಗ ಧೈರ್ಯ ಬಂತು ಅಂತ. ನೀವು ಬಾಯಿ ಬಿಡಬೇಡಿ."

"ಯಾಕೆ?"

"ದಿನಾ ಅವನಿಗೆ ಬೇಯಿಸಿ ಹಾಕೋರು ನೀವು, ಮಾತ್ರೆ ಕೊಡೋರು ನೀವು. ನಿಮ್ಮ ಮೇಲೆ ನಂಬಿಕೆ ಹೋದ್ರೆ ಅವನು ಯಾರ ಕೈಯಿಂದ ನೀರು ಕುಡೀಬೇಕು? ನನ್ನ ಬಗ್ಗೆ ಆರು ವಾರ ಹಾಗೆ ಅಂದ್ಕೊಂಡಿದ್ದಾನೆ. ಇನ್ನು ಸ್ವಲ್ಪ ದಿನ ಅಂದ್ಕೊಳ್ಳಲಿ."

ಮನುಷ್ಯಳಾದವಳು ಆಗ ಅವಳ ಕಾಲಿಗೆ ಬೀಳಬೇಕು. ನಾನು ಟಿಕೆಟನ್ನು ಮುದ್ದೆ ಮಾಡುತ್ತಾ ಕೂತಿದ್ದೆ. ಮತ್ತೆ ಅದೇ ಉರಿ. ಇದರಲ್ಲೂ ಇವಳೇ ದೊಡ್ಡವಳಾದಳಲ್ಲ ಅಂತ.

ಸಂಜೆ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಳು. ನಮ್ಮತ್ತೆ ಬಾಗಿಲಲ್ಲೇ ಅವಳ ಕೆನ್ನೆ ಸವರಿದರು, ನನಗೆ ಕೇಳುವಷ್ಟು ಗಟ್ಟಿಯಾಗಿ, "ಬಂದ್ಯಲ್ಲ, ಮನೆಗೆ ಬೆಳಕು ಬಂತು" ಅಂದರು. ಊಟಕ್ಕೆ ಕೂತೆವು. ಇವರು ತಂಗಿಯನ್ನು ನೋಡದೆ ತಟ್ಟೆಯನ್ನೇ ನೋಡುತ್ತಿದ್ದರು.

"ಅಣ್ಣ, ಒಂದು ವಿಷಯ" ಅಂದಳು. "ಆವತ್ತು ಆಸ್ಪತ್ರೆಯವರಿಗೆ ಬೇಡ ಅಂದಿದ್ದೆ. ಯಂತ್ರ, ಸೂಜಿ ಅಂತ ಹೆದರಿಕೆ ಆಗಿತ್ತು. ತಪ್ಪಾಯ್ತು. ಈಗ..."

"ಗೊತ್ತಮ್ಮ" ಅಂದರು ಇವರು. "ನನಗೆ ಒಂಚೂರೂ ಬೇಜಾರಿಲ್ಲ. ನೀನು..."

"ಅವಳು ಸುಳ್ಳು ಹೇಳ್ತಿದ್ದಾಳೆ" ಅಂದೆ ನಾನು.

"ಅತ್ತಿಗೆ, ಸುಮ್ನಿರಿ."

"ನೀನು ಸುಮ್ನಿರು. ಫೋನ್ ಬಂದಿದ್ದು ನನಗೆ. ಇವಳನ್ನ ಕೇಳಲೇ ಇಲ್ಲ ನಾನು. ಬೇಡ ಅಂದಿದ್ದು ನಾನೇ."

"ನಾನು ಹೇಳಿದ್ನಲ್ಲ ನಿಮಗೆ, ಬಾಯಿ ಬಿಡಬೇಡಿ ಅಂತ..."

"ಮಜ್ಜೆ ಕೊಟ್ಟೆ. ರಕ್ತ ಕೊಟ್ಟೆ. ಚಹಾಕ್ಕೆ ಸಕ್ಕರೆ ಎಷ್ಟು ಅಂತಾನೂ ನೀನೇ ಕೊಟ್ಟೆ. ಈಗ ನನ್ನ ತಪ್ಪನ್ನೂ ನೀನೇ ತಗೊಂಡು ಹೋದ್ರೆ ಈ ಮನೇಲಿ ನನ್ನದು ಅಂತ ಏನೇ ಉಳಿಯುತ್ತೆ?"

ಕೆಳಗೆ ಸೈಕಲ್ ಅಂಗಡಿಯ ಷಟರ್ ಎಳೆಯುವ ಸದ್ದು ಕೇಳಿಸಿತು.

"ಮಾತ್ರೆ ಸಾಕಾಗದಿದ್ರೆ ನಾನು ಸಾಯ್ತೀನಿ ಅಂತ ನಿನಗೆ ಗೊತ್ತಿತ್ತು" ಅಂದರು ಇವರು.

"ಗೊತ್ತಿತ್ತು."

"ಆದ್ರೂ?"

"ಆದ್ರೂ."

ಇವರು ಎದ್ದರು. ತಟ್ಟೆಯನ್ನು ತಾವೇ ತೊಳೆದಿಟ್ಟರು. ಮದುವೆಯಾದ ಮೇಲೆ ಇವರು ತಟ್ಟೆ ತೊಳೆದದ್ದು ಅದೇ ಮೊದಲು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು, ಮೆಲ್ಲಗೇ ಹಾಕಿಕೊಂಡರು. ಆಮೇಲೆ ನಮ್ಮತ್ತೆ ಶುರು ಮಾಡಿದರು. ಅವರು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ನಡುವೆ ನಾದಿನಿಯೇ, "ಸಾಕು ಬಿಡಮ್ಮ" ಅಂದಳು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಮರುದಿನ ಇವರು ತಂಗಿಯ ಜೊತೆ ಆಸ್ಪತ್ರೆಗೆ ಹೋದರು, ನಾನು ಎರಡು ಹೆಜ್ಜೆ ಹಿಂದೆ. ನರ್ಸಿಗೆ ನಾನೇ ಹೇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ನಾದಿನಿಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಅರ್ಧ ಗಂಟೆ ಒಬ್ಬಳನ್ನೇ ಕೂರಿಸಿ ಮಾತಾಡಿದರು. ಪರೀಕ್ಷೆಗಳು ಮುಗಿದು ಯಂತ್ರದ ದಿನ ಬಂದಾಗ ಅವಳ ಎರಡೂ ತೋಳಿಗೆ ಸೂಜಿ; ನಾಲ್ಕು ಗಂಟೆ ಅಲ್ಲಾಡುವ ಹಾಗಿಲ್ಲ. ಪಕ್ಕದಲ್ಲಿ ಕೂತವಳು ನಾನು.

"ಅತ್ತಿಗೆ, ಮೂಗು ತುರಿಸ್ತಿದೆ."

ತುರಿಸಿದೆ.

"ಇನ್ನೂ ಸ್ವಲ್ಪ ಎಡಕ್ಕೆ. ಮಾಡಿದ್ದು ಅನುಭವಿಸಿ."

ಇವರಿಗೆ ಕೊಟ್ಟದ್ದು ಒಂದು ಪುಟ್ಟ ಚೀಲ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಇಷ್ಟಕ್ಕಾಗಿಯೇ ನಾನು ಮನೆ ಮುರಿದದ್ದು ಅಂತ ನೋಡುತ್ತಾ ನಿಂತಿದ್ದೆ. ದಿನಾ ಚರ್ಮ ನೋಡಬೇಕು, ಭೇದಿ ಆದರೆ, ಕಣ್ಣು ಹಳದಿಯಾದರೆ ತಕ್ಷಣ ಬರಬೇಕು ಅಂದರು ಡಾಕ್ಟರ್. ನೋಡಿಕೊಳ್ಳುವವರು ಯಾರು ಅಂತ ಕೇಳಿದಾಗ ಇವರು ಮುಖ ತಿರುಗಿಸಿ ಮಾಸ್ಕ್ ಸರಿಮಾಡಿಕೊಂಡರು.

ಮನೆಯಲ್ಲಿ ಇವರು ನನ್ನ ಜೊತೆ ಮಾತು ಬಿಟ್ಟಿದ್ದರು. ಬೇಕಾದದ್ದನ್ನು ಮಗಳ ಮೂಲಕ ಹೇಳಿಸುತ್ತಿದ್ದರು. "ನೀರು ಆರಿದೆ ಅಂತ ನಿಮ್ಮಮ್ಮನಿಗೆ ಹೇಳು." ನಾನು ಎದುರಿಗೇ ಇರುತ್ತಿದ್ದೆ. ಮಗಳು, "ಅಮ್ಮ, ನೀರು ಆರಿದೆಯಂತೆ" ಅನ್ನುತ್ತಿದ್ದಳು. ಎರಡು ದಿನ ಅವಳಿಗೆ ಆಟ, ಆಮೇಲೆ ಅಳು.

ಆದರೆ ಬೆಳಿಗ್ಗೆ ಸ್ನಾನವಾದ ಮೇಲೆ ಇವರು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂತು ಎರಡೂ ಕೈ ಮುಂದೆ ಚಾಚುತ್ತಿದ್ದರು. ನನ್ನ ಕಡೆಗೇ. ಮುಖ ಮಾತ್ರ ರಸ್ತೆಯ ಕಡೆಗೆ. ನಾನು ಅಂಗಡಿಯ ಭೂತಗನ್ನಡಿ ತಂದುಕೊಂಡಿದ್ದೆ. ಅಂಗೈ, ಬೆರಳಿನ ಸಂದಿ, ಕಿವಿಯ ಹಿಂದೆ, ಪಾದ, ಎಲ್ಲವನ್ನೂ ನೋಡುತ್ತಿದ್ದೆ. ನೋಡುವಾಗ ಒಂದು ಮಾತಿಲ್ಲ. ಆ ಹತ್ತು ನಿಮಿಷಕ್ಕಾಗಿ ನಾನು ಇಡೀ ದಿನ ಬದುಕುತ್ತಿದ್ದೆ ಅಂದರೆ ಸುಳ್ಳಲ್ಲ.

ಕಣ ಕೊಟ್ಟ ಇಪ್ಪತ್ತಾರನೇ ಬೆಳಿಗ್ಗೆ ಬಲ ಅಂಗೈಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳು, ನಾಲ್ಕೋ ಐದೋ. ಆಸ್ಪತ್ರೆಗೆ ಓಡಿದೆವು.

ಡಾಕ್ಟರ್ ತಿರುಗಿಸಿ ತಿರುಗಿಸಿ ನೋಡಿದರು. "ಸಣ್ಣದು. ಮುಲಾಮು ಸಾಕು, ಆದ್ರೆ ಹೆಚ್ಚಾಗದ ಹಾಗೆ ದಿನಾ ನೋಡಬೇಕು. ತಂಗಿಯ ಕಣಗಳು ಎದ್ದು ಕೂತಿವೆ ಅಂತ ಅರ್ಥ. ರಕ್ತದಲ್ಲಿ ತೊಂಬತ್ತೊಂದು ಬಂದಿದೆ. ಎಲ್ಲಾ ಗೆದ್ದೆವು ಅಂತ ನಾನು ಹೇಳಲ್ಲ. ಆದ್ರೆ ಇದನ್ನ ನೋಡಿ ನನಗೆ ಬೇಜಾರಿಲ್ಲ. ಇಷ್ಟು ಬೇಗ ಕಂಡುಹಿಡಿದವರು ಯಾರು?"

"ಇವಳು" ಅಂದರು ಇವರು.

ಹೊರಗೆ ಅದೇ ಬೆಂಚಿನ ಹತ್ತಿರ ಇವರು ನಿಂತು ನನ್ನ ಕಡೆ ತಿರುಗಿದರು. ಒಂದು ತಿಂಗಳಿಗೂ ಹೆಚ್ಚು ದಿನದ ಮೇಲೆ ನೇರವಾಗಿ ನನಗೆ ಆಡಿದ ಮೊದಲ ಮಾತು ಏನಿರಬಹುದು ಅಂತ ನಾನು ಕಾದು ನಿಂತಿದ್ದೆ.

"ತಂಗಿಗೆ ಫೋನ್ ಮಾಡಿ ಹೇಳು" ಅಂದರು.

ಸಂಜೆ ಅವಳು ಮನೆ ಸೇರುವ ಹೊತ್ತಿಗೆ ಫೋನ್ ಮಾಡಿದೆ. ಒಂದೇ ಸಲ ರಿಂಗಾಯಿತು, ಎತ್ತಿಕೊಂಡಳು.

"ತೊಂಬತ್ತೊಂದು" ಅಂದೆ. "ಅಂಗೈಯಲ್ಲಿ ಚುಕ್ಕೆ ಬಂದಿದೆ. ನಿನ್ನ ಕಣಗಳು ಎದ್ದಿವೆಯಂತೆ."

ಅತ್ತ ಕಡೆ ಕುಕ್ಕರಿನ ಸೀಟಿ ಒಂದು ಕೇಳಿತು. ಆಮೇಲೆ, "ಮೊದಲು ನೋಡಿದ್ದು ಯಾರು?" ಅಂದಳು.

"ನಾನು."

"ನೀವೇ ನೋಡ್ತೀರಲ್ಲ. ನೋಡೋಕೆ ನಿಮಗೆ ಅವನಿದ್ದಾನೆ." ಅವಳ ಸ್ವರ ಬದಲಾಯಿತು. "ನನ್ನ ರಕ್ತ ಅವನ ಹತ್ರ ಇದೆ, ನಾನಿಲ್ಲಿ ಒಬ್ಬಳೇ ಅನ್ನ ಬೇಯಿಸ್ಕೊಂಡು ಕೂತಿದ್ದೀನಿ. ಹೊಟ್ಟೆ ಉರಿಯೋದು ನಿಮಗೊಬ್ಬರಿಗೇ ಅಂದ್ಕೊಂಡಿದ್ದೀರಾ ಅತ್ತಿಗೆ? ನಾನು ಪ್ರತಿ ಭಾನುವಾರ ನಿಮ್ಮ ಮನೆ ಮೆಟ್ಟಿಲಿಳಿದು ಬಸ್ ಸ್ಟಾಪಿಗೆ ಹೋಗೋ ತನಕ ಉರಕೊಂಡೇ ಹೋಗ್ತಿದ್ದೆ."

ಇದು ಇಷ್ಟು ದಿನ ಒಂದು ಸಲವೂ ನನ್ನ ತಲೆಗೆ ಹೊಳೆದಿರಲಿಲ್ಲ. ಅವಳು ಮೂಗೆಳೆದುಕೊಳ್ಳುವುದು ಕೇಳುತ್ತಿತ್ತು.

"ನಾಳೆ ಡ್ಯೂಟಿ ಎಷ್ಟು ಗಂಟೆಗೆ?" ಅಂದೆ.

"ಹತ್ತಕ್ಕೆ."

"ಏಳಕ್ಕೆ ಬಾ. ದಿನಾ ನೋಡಬೇಕಂತೆ. ಬಲಗೈ ನಾನು ನೋಡ್ತೀನಿ, ಎಡಗೈ ನೀನು ನೋಡು."

ಅತ್ತ ಕುಕ್ಕರ್ ಇಳಿಸಿದ ಸದ್ದಾಯಿತು.

"ಚುಕ್ಕೆ ಇರೋದು ಯಾವ ಕೈಯಲ್ಲಿ?"

"ಬಲಗೈಯಲ್ಲಿ."

"ಹಾಗಾದ್ರೆ ಬಲಗೈ ನನಗೆ" ಅಂದಳು.

ನಾನು ಒಪ್ಪಲಿಲ್ಲ.